ಹಗ್ಗದ ಗಂಟು ಎಣಿಸಿ ನೀರು ಬಳಸಿದ ದಿನಗಳು

ಗದಗ ಹತ್ತಿರದ ಕಪ್ಪತಗುಡ್ಡದಲ್ಲಿ ಕರೆಂಟ್ ತಯಾರಿಸುವ ಗಾಳಿ ಫ್ಯಾನುಗಳ ರಿಪೇರಿ ಮಾಡಿಕೊಂಡಿದ್ದೆ. ಅದೇ ಕೆಲಸಕ್ಕೆ ರಾಜಸ್ಥಾನದ ಮರುಭೂಮಿಯ ಜೈಸಲ್ಮೇರ್ ಕಡೆ ಹೋಗಿ ಒಂದೂವರೆ ವರ್ಷ ಇದ್ದೆ. ಕೋಣೆ ಸಿಕ್ಕಿದ್ದು ಢಾಣಿಯೊಂದರಲ್ಲಿ, ಅಂದ್ರೆ ಹೊಲದ ನಡುವೆ ನಾಲ್ಕೈದೇ ಮನೆ. ಮನೆ ಮುಂದೆ ಟಾಂಕಾ ಇತ್ತು. ನೆಲದೊಳಗೆ ಗುಂಡಗೆ ಕಟ್ಟಿದ ತೊಟ್ಟಿ, ಸುತ್ತ ಇಳಿಜಾರಾಗಿ ಬಡಿದು ಗಟ್ಟಿ ಮಾಡಿದ ಅಂಗಳ. ಆ ಅಂಗಳಕ್ಕೆ ಆಗೋರ್ ಅಂತಾರೆ, ಅದರ ಮೇಲೆ ಬಿದ್ದ ಮಳೆ ತೊಟ್ಟಿಗೆ ಇಳಿಯುತ್ತದೆ. ವರ್ಷಕ್ಕೆ ಬೀಳೋದೇ 200 ಮಿ.ಮೀ. ಆಸುಪಾಸು. ಬಾವಿ ತೋಡಿದರೆ ಎಷ್ಟೋ ಕಡೆ ಉಪ್ಪುನೀರು.

ಮೊದಲ ದಿನವೇ ನಾನು ಬೂಟು ಹಾಕಿಕೊಂಡು ಆಗೋರ್ ದಾಟಿಬಿಟ್ಟೆ. ಮನೆಯ ಅಜ್ಜಿ, ಎಲ್ಲರೂ ‘ಮಾಜೀ’ ಅಂದ್ರೆ ಅಮ್ಮಾ ಅಂತ ಕರೆಯುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಪೊರಕೆ ತಂದು ನಾನು ನಡೆದ ದಾರಿಯಷ್ಟನ್ನೇ ಗುಡಿಸಿದರು. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಇನ್ನೊಂದು ದಿನ ಅರ್ಧ ಲೋಟ ನೀರು ಚೆಲ್ಲಿದಾಗ ಮಾತ್ರ ಅಲ್ಲಿನ ಗಾದೆ ಹೇಳಿದರು: ತುಪ್ಪ ಚೆಲ್ಲಿದರೆ ಏನೂ ಹೋಗಲ್ಲ, ನೀರು ಚೆಲ್ಲಿದರೆ ಜೀವ ಉರಿಯುತ್ತದೆ.

ಆಮೇಲೆ ನಾನೊಂದು ಹಗ್ಗ ಮಾಡಿಕೊಂಡೆ. ತುದಿಗೆ ಕಲ್ಲು, ಮೊಳಕ್ಕೊಂದು ಗಂಟು. ತಳ ಮುಟ್ಟುವವರೆಗೆ ಬಿಟ್ಟು ಎಳೆದರೆ ಎಷ್ಟು ಗಂಟು ಒದ್ದೆಯಾಗಿದೆಯೋ ಅಷ್ಟು ನೀರು. ಮಳೆಗಾಲ ಮುಗಿದಾಗ ಏಳು ಇತ್ತು, ಮೇ ತಿಂಗಳಲ್ಲಿ ಎರಡು. ಕಣ್ಣಾರೆ ಕಂಡ ಮೇಲೆ ಕೈ ತಾನಾಗಿ ಬಿಗಿಯಾಯಿತು. ಅಗಲ ಬೋಗುಣಿಯೊಳಗೆ ನಿಂತು ಅರ್ಧ ಬಕೆಟ್‌ನಲ್ಲಿ ಸ್ನಾನ, ಬೋಗುಣಿಯ ನೀರಲ್ಲಿ ಕೆಲಸದ ಬಟ್ಟೆ, ಅದೂ ಆದ ಮೇಲೆ ಖೇಜ್ರಿ ಮರದ ಬುಡಕ್ಕೆ. ಪಾತ್ರೆಗೆ ಮೊದಲು ಒಣ ಮರಳು, ಜಿಡ್ಡು ಅದರಲ್ಲೇ ಹೋಗುತ್ತದೆ, ಕೊನೆಗೆ ಒಂದು ತಂಬಿಗೆ ನೀರು ಸಾಕು. ಕುಡಿಯುವುದರಲ್ಲಿ ಮಾತ್ರ ಉಳಿಸಬಾರದು. 45 ಡಿಗ್ರಿ ಬಿಸಿಲಲ್ಲಿ ಟವರ್ ಹತ್ತುವವನು ನಾನು, ಒಮ್ಮೆ ಸುಮ್ನೆ ಉಳಿಸೋಣ ಅಂತ ಕಡಿಮೆ ಕುಡಿದು ಮೇಲೆ ತಲೆ ಸುತ್ತಿ ಕೂತಿದ್ದೇನೆ. ಅದು ಉಳಿತಾಯ ಅಲ್ಲ, ತಪ್ಪು.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಮಾಳಿಗೆ ಅಳೆದದ್ದು. 100 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದ್ರೆ ಒಂದು ಲೀಟರ್. ನಮ್ಮ ಕಡೆ 600 ಮಿ.ಮೀ. ಹಿಡಿದರೂ 60,000 ಲೀಟರ್, ಐದರಲ್ಲೊಂದು ಪಾಲು ಹೋಯಿತು ಅಂದುಕೊಂಡರೂ 48,000! ಇಷ್ಟು ವರ್ಷ ಅದು ಚರಂಡಿಗೆ ಹೋಗಿತ್ತು, ನಾವು ಟ್ಯಾಂಕರ್‌ಗೆ ಕಾಯುತ್ತಿದ್ದೆವು. ಪೈಪ್ ಇಳಿಸಿ 12,000 ಲೀಟರಿನ ಸಂಪ್ ಕಟ್ಟಿಸಿದೆ. ಮೊದಲ ಮಳೆಯ ಕೊಳೆನೀರು ಹೊರಗೆ ಬಿಡಲು ಒಂದು ವಾಲ್ವ್ ಇದೆ, ಅದನ್ನು ಮರೆಯಬೇಡಿ.

ಈಗ ಮಾಳಿಗೆ ಮೇಲೆ ಯಾರೇ ಹೋದರೂ ಚಪ್ಪಲಿ ಮೆಟ್ಟಿಲಲ್ಲೇ. ಗಂಟಿನ ಹಗ್ಗ ಸಂಪಿನ ಪಕ್ಕದ ಮೊಳೆಗೆ ತೂಗುಹಾಕಿದೆ. ಮೊನ್ನೆ ಮಗಳು ಇಳಿಬಿಟ್ಟು ನೋಡಿ, ನಾಲ್ಕು ಒದ್ದೆ ಅಪ್ಪಾ ಅಂದಳು.