ಹಳೇ ಕಾರ್ಟೂನ್ ಪಾತ್ರದ ಜಾತಕ ಹುಡುಕುವುದು ಹೇಗೆ?

ಮೊದಲು ಪಾತ್ರ ಹುಟ್ಟಿದ್ದು ಪತ್ರಿಕೆಯಲ್ಲೋ ಸಿನಿಮಾದಲ್ಲೋ ನೋಡಿಕೊಳ್ಳಿ. ನಾವಿಕ ಪಾಪಾಯ್ ಅಂದರೆ ನಮಗೆ ನೆನಪಾಗುವುದು ಪರದೆ, ಅಲ್ವಾ? ಆದರೆ ಅವನು ಮೊದಲು ಕಂಡಿದ್ದು 1929ರ ಜನವರಿ 17ರಂದು, ಇ.ಸಿ. ಸೆಗರ್ ಅವರ ‘ಥಿಂಬಲ್ ಥಿಯೇಟರ್’ ಕಾಮಿಕ್ ಸ್ಟ್ರಿಪ್‌ನಲ್ಲಿ. ಸಿನಿಮಾಕ್ಕೆ ಬಂದಿದ್ದು 1933ರಲ್ಲಿ. ಹಾಗಾಗಿ ಅವನನ್ನು ಪತ್ರಿಕೆಯ ಗುಂಪಿಗೇ ಸೇರಿಸಿ.

ಆಮೇಲೆ ರೂಪ. 1930ರ ‘ಡಿಜ್ಜಿ ಡಿಶಸ್’ ಕಾರ್ಟೂನ್ ಚಿತ್ರದಲ್ಲಿ ಬೆಟ್ಟಿ ಬೂಪ್ ಎಂಬ ಪಾತ್ರಕ್ಕೆ ನಾಯಿಯ ಜೋಲು ಕಿವಿಗಳಿದ್ದವು. ಮುಂದೆ ಅವೇ ದೊಡ್ಡ ಓಲೆಗಳಾದವು. ಒಂದೊಂದು ರೂಪಕ್ಕೂ ಬೇರೆ ಪುಟ ಇಡಿ.

ತಾರೀಕು ಬರೆಯುವಾಗ ತಯಾರಿ ಯಾವಾಗ, ಬಿಡುಗಡೆ ಯಾವಾಗ ಅಂತ ಬಿಡಿಸಿ ಬರೆಯಿರಿ. ಮಿಕ್ಕಿ ಮೌಸ್ ಚಿತ್ರಗಳಲ್ಲಿ ‘ಪ್ಲೇನ್ ಕ್ರೇಜಿ’ ಮೊದಲು ತಯಾರಾಯಿತು. ಆದರೂ 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆ ಕಂಡಿದ್ದು ‘ಸ್ಟೀಮ್‌ಬೋಟ್ ವಿಲ್ಲಿ’.

ಇನ್ನು ಆಧಾರ. ಇಲ್ಲಿ ಅವಸರ ಬೇಡ. ಆ ಕಾಲದಲ್ಲೇ ಅಚ್ಚಾದ ಕಾಗದಕ್ಕೆ ಬೆಲೆ ಜಾಸ್ತಿ. ಅಮೆರಿಕದ ಕಾಪಿರೈಟ್ ಕಚೇರಿಯ ಹಳೇ ಪಟ್ಟಿಗಳಿವೆ. ‘ಮೂವಿಂಗ್ ಪಿಕ್ಚರ್ ವರ್ಲ್ಡ್’, ‘ಫಿಲ್ಮ್ ಡೈಲಿ’ಯಂಥ ಪತ್ರಿಕೆಗಳ ಹಳೇ ಸಂಚಿಕೆಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ಓದಬಹುದು. ಸಿನಿಮಾದ ಶುರುವಿನಲ್ಲಿ ಹೆಸರು ತೋರಿಸುವ ಟೈಟಲ್ ಕಾರ್ಡ್ ನೋಡಿ ಸುಮ್ನೆ ನಂಬಬೇಡಿ. 1950ರ ದಶಕದಲ್ಲಿ ಪಾಪಾಯ್ ಚಿತ್ರಗಳು ಟಿವಿಗೆ ಹೋದಾಗ, ಕೊಂಡ ಕಂಪನಿ, ಮೊದಲು ಬಿಡುಗಡೆ ಮಾಡಿದ್ದ ಪ್ಯಾರಾಮೌಂಟ್ ಸಂಸ್ಥೆಯ ಗುರುತು ತೆಗೆದು ತನ್ನದನ್ನು ಅಂಟಿಸಿತ್ತು.

ನಿಜವಾದ ತಲೆನೋವು ಸೃಷ್ಟಿಕರ್ತ ಯಾರು ಅನ್ನುವುದು. ಫೀಲಿಕ್ಸ್ ಬೆಕ್ಕನ್ನೇ ನೋಡಿ. 1919ರ ‘ಫೀಲೈನ್ ಫಾಲೀಸ್’ನಲ್ಲಿ ಅದರ ಹೆಸರು ಮಾಸ್ಟರ್ ಟಾಮ್. ಹಾಗಾಗಿ ಫೀಲಿಕ್ಸ್ ಅಂತ ಮಾತ್ರ ಹುಡುಕಿದರೆ ಈ ಚಿತ್ರ ಕೈಗೆ ಸಿಗದೇ ಹೋಗಬಹುದು. ಚಿತ್ರಗಳ ಮೇಲೆ ಇದ್ದಿದ್ದು ಸ್ಟುಡಿಯೋ ಮಾಲೀಕ ಪ್ಯಾಟ್ ಸಲಿವನ್ ಹೆಸರು. ಅವರು 1933ರಲ್ಲಿ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ, ಅಲ್ಲೇ ಚಿತ್ರ ಬರೆಯುತ್ತಿದ್ದ ಆಟೊ ಮೆಸ್ಮರ್ ‘ಬೆಕ್ಕು ನನ್ನದು’ ಅಂದರು. ಅವರ ಜೊತೆ ಕೆಲಸ ಮಾಡಿದ ಕೆಲವರು ಹೌದೆಂದರು. ಅಮೆರಿಕದ ಎಷ್ಟೋ ಇತಿಹಾಸಕಾರರೂ ಒಪ್ಪಿದ್ದಾರೆ. ಸಲಿವನ್ ಹುಟ್ಟಿದ ಆಸ್ಟ್ರೇಲಿಯಾದಲ್ಲಿ ಒಪ್ಪದವರಿದ್ದಾರೆ. ಮಾಲೀಕನ ಹೆಸರಷ್ಟೇ ಹಾಕುವ ಕಾಲದಲ್ಲಿ ಚಿತ್ರಕಾರರಿಗೆ ಅನ್ಯಾಯವಾಗುತ್ತಿತ್ತು ಎಂಬುದು ನಿಜ. ಆದರೂ ಒಬ್ಬರ ಹೆಸರು ಹೊಡೆದುಹಾಕಬೇಡಿ. ಇಬ್ಬರನ್ನೂ ಬರೆಯಿರಿ. ಪಕ್ಕದಲ್ಲಿ ಆ ಮಾತು ಯಾರದು, ಯಾವ ವರ್ಷದ್ದು, ಎಲ್ಲಿ ಅಚ್ಚಾಗಿದ್ದು ಎಂಬುದನ್ನೂ ಸೇರಿಸಿ.