ಸೋಲಾರ್ ತಕರಾರು: ದಾವೆ ಹಾಕದೆ ರಾಜಿ ಮಾಡಿಸಿದ ಬಗೆ

ಕಾರವಾರದ ಐಸ್ ಪ್ಲಾಂಟೊಂದರ ಛಾವಣಿಯ 100 ಕಿಲೋವ್ಯಾಟ್ ಸೋಲಾರ್ ಕುರಿತು ಮಾಲೀಕರಿಗೂ ಅದನ್ನು ಕೂರಿಸಿದ ಗುತ್ತಿಗೆದಾರರಿಗೂ ಎದ್ದ, ತುಕ್ಕು ಮತ್ತು ಉತ್ಪಾದನೆ ನಷ್ಟದ ತಕರಾರು ದಾವೆಯಾಗದೆ ಮುಗಿಯಿತು. ಆಗದ ಕೆಲಸ ಎಂದವರೇ ಹೆಚ್ಚು. ವಾಣಿಜ್ಯ ನ್ಯಾಯಾಲಯ ಕಾಯ್ದೆಯ 12ಎ ಕಲಮಿನಂತೆ ದಾವೆಗೆ ಮೊದಲು ನಡೆಸುವ ಸಂಧಾನ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ ಮೇಲೂ ಅದನ್ನು ಬರೀ ಶಾಸ್ತ್ರವೆಂದೇ ನೋಡುವವರಿದ್ದಾರೆ. ದುಡ್ಡಿನ ಮಾತಿಗೆ ಮೊದಲು ಜಂಟಿ ಅಳತೆ ಆಗಬೇಕು ಎಂದು ಮಾಲೀಕರ ಪರ ಕೂತಿದ್ದ ನಾನು ಹಟ ಹಿಡಿದದ್ದು ಫಲ ಕೊಟ್ಟಿತು.

ಮೊದಲ ಬೈಠಕ್ಕುಗಳು ಕೆಟ್ಟದ್ದು ಉತ್ಪಾದನೆ ನಷ್ಟದ ಲೆಕ್ಕದಿಂದ. ಮಾಲೀಕರದು 22 ಲಕ್ಷದ ಬೇಡಿಕೆ. ಗುತ್ತಿಗೆದಾರರು ಮೋಡ, ಹೆಸ್ಕಾಂ ಕರೆಂಟು ಎಂದು ಜಾರಿಕೊಂಡರು. ಕರೆಂಟು ಹೋದರೆ ಗ್ರಿಡ್ಡಿಗೆ (ಹೆಸ್ಕಾಂ ಲೈನಿಗೆ) ಜೋಡಿಸಿದ ಸೋಲಾರ್ ಇನ್ವರ್ಟರ್ ತಾನೇ ನಿಲ್ಲುತ್ತದೆ, ಅವರ ಮಾತಲ್ಲೂ ಹುರುಳಿತ್ತು. ಇನ್ವರ್ಟರಿನ ದಾಖಲೆಯಿಂದ ಗ್ರಿಡ್ ಇಲ್ಲದ ಗಂಟೆ, ಇನ್ಸುಲೇಶನ್ ಫಾಲ್ಟಿನ (ಕರೆಂಟು ಸೋರುವ ದೋಷದ) ಗಂಟೆ ಬೇರೆಬೇರೆ ತೆಗೆದೆವು. ಸುಮಾರು ಮೂರನೇ ಒಂದು ಪಾಲು ಗ್ರಿಡ್ಡಿನದು. ಅಷ್ಟನ್ನು ನಾವೇ ಮುಂದಾಗಿ ಬಿಟ್ಟೆವು.

ಆಮೇಲೆ ಇಬ್ಬರ ಎಂಜಿನಿಯರೂ ಛಾವಣಿ ಹತ್ತಿದರು. ಕರಾರಿನಲ್ಲಿದ್ದ 80 ಮೈಕ್ರಾನ್ ಜಿಂಕ್ ಲೇಪ, ಪ್ಯಾನೆಲ್ ಹೊತ್ತ ಸ್ಟ್ರಕ್ಚರಿನ ಕಂಬದ ನಡುಭಾಗದಲ್ಲಿ ಸರಿಯಾಗಿಯೇ ಇತ್ತು. ಸೈಟಿನಲ್ಲಿ ಕೊಯ್ದ ತುದಿಗಳಿಗೆ, ಡ್ರಿಲ್ ಹೊಡೆದ ತೂತುಗಳಿಗೆ ಜಿಂಕ್ ಪೇಂಟನ್ನೂ ಬಳಿದಿರಲಿಲ್ಲ. ಉಪ್ಪುಗಾಳಿ ಅಲ್ಲಿಂದಲೇ ಹೊಕ್ಕು ತುಕ್ಕಿನ ಪದರ ಎಬ್ಬಿಸಿತ್ತು. ಸೋರಿಕೆ ಹುಡುಕುವ ಮೆಗ್ಗರ್ ಮೀಟರನ್ನು ಇಬ್ಬನಿ ಆರುವ ಮುಂಚೆ, ಒಂದೊಂದೇ ಸ್ಟ್ರಿಂಗಿಗೆ (ಸರಣಿಯಾಗಿ ಜೋಡಿಸಿದ ಪ್ಯಾನೆಲ್ ಸಾಲಿಗೆ) ಹಿಡಿಯಬೇಕು. ಒಣ ಮಧ್ಯಾಹ್ನ ಸೋರಿಕೆ ಕಣ್ಣು ತಪ್ಪಿಸಬಹುದು. ನಾಲ್ಕೈದು ಸ್ಟ್ರಿಂಗಿನ ಎಂಸಿ4 ಕನೆಕ್ಟರುಗಳು (ಪ್ಯಾನೆಲ್ ತಂತಿಗಳನ್ನು ಜೋಡಿಸುವ ಪ್ಲಗ್ಗುಗಳು) ಮಳೆನೀರು ಹರಿಯುವ ಜಾಗದಲ್ಲೇ ಬಿದ್ದಿದ್ದವು. ಪ್ರತಿ ಹಾಳೆಗೂ ಅಲ್ಲೇ ಇಬ್ಬರ ಸಹಿ.

22 ಲಕ್ಷ ಹತ್ತರ ಹತ್ತಿರ ಇಳಿಯಿತು: ಸ್ಟ್ರಕ್ಚರ್ ದುರಸ್ತಿ ಆರು, ಕೇಬಲ್ ಕನೆಕ್ಟರ್ ಒಂದು, ನಷ್ಟ ಮೂರು. ಗುತ್ತಿಗೆದಾರರಿಗೆ ನಗದು ಕಷ್ಟ, ಕೆಲಸ ಮಾಡಿಕೊಡುವುದು ಸಲೀಸು. ದುರಸ್ತಿ ಅವರ ಖರ್ಚಿನಲ್ಲಿ. ನಷ್ಟದ ಮೂರು ಲಕ್ಷ, ಅವರಿಗೆ ಕೊಡಬೇಕಾದದ್ದರಲ್ಲಿ ನಾವು ಹಿಡಿದಿಟ್ಟ ಐದು ಲಕ್ಷದಲ್ಲಿ ವಜಾ. ಉಳಿದದ್ದರಲ್ಲಿ ಅರ್ಧ ಮರುಚಾಲನೆಯಾದಾಗ ಅವರಿಗೆ, ಅರ್ಧ ಒಂದು ಮಳೆಗಾಲ ಕಳೆದ ಮೇಲೆ. ಯಾವ ಅಂಕಿಯನ್ನು ಯಾರ ಬಾಯಿಂದ ಮೊದಲು ಹೊರಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಈ ನಡುವೆ 304, 316 ಎಂಬ ಎರಡು ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳನ್ನು ಕಡಲ ಬದಿಯ ತಾರಸಿಯಲ್ಲಿ ಮಳೆಗಾಲವಿಡೀ ಇಟ್ಟು ನೋಡಿದೆ. 304ಕ್ಕೆ ಕಂದು ಕಲೆ ಹತ್ತಿತು, 316 ಬಹುಮಟ್ಟಿಗೆ ಹಾಗೇ ಉಳಿಯಿತು. ರಾಜಿಪತ್ರದಲ್ಲಿ ದುರಸ್ತಿಯ ಬೋಲ್ಟು 316 ಎಂದೇ ಬರೆಸಿದೆ.

ಖರ್ಚು: ಅರ್ಜಿಗೆ ಸಾವಿರ, ಸಂಧಾನ ಶುಲ್ಕ 30,000 ಅರ್ಧರ್ಧ. ಸಹಿಯಾದ ರಾಜಿಪತ್ರಕ್ಕೆ ಪಂಚಾಟ ತೀರ್ಪಿನ ಬಲವಿದೆ, ಜಾರಿಗೆ ಹೊಸ ದಾವೆ ಬೇಡ. ದುರಸ್ತಿಗೆ ಬಿಚ್ಚುವಾಗ ಒಡೆದ ಪ್ಯಾನೆಲ್ ಯಾರ ಲೆಕ್ಕಕ್ಕೆ ಎಂಬುದನ್ನು ಮರೆಯದೆ ಬರೆಸಿ. ಎರಡರವರೆಗೆ ಮಾಲೀಕರು, ಮೇಲಿನವು ಗುತ್ತಿಗೆದಾರರು ಎಂದು ಇಟ್ಟೆವು. ಗುತ್ತಿಗೆದಾರರು ಕೊಟ್ಟ ಬ್ಯಾಂಕ್ ಗ್ಯಾರಂಟಿ ಇದ್ದರೆ ಮೊದಲ ಬೈಠಕ್ಕಿಗೂ ಮುಂಚೆ ಅವಧಿ ವಿಸ್ತರಿಸಿಕೊಳ್ಳಿ. ಮೂರು ತಿಂಗಳ ಸಂಧಾನ, ಒಪ್ಪಿದರೆ ಮತ್ತೆರಡು. ದಾವೆಯ ಕಾಲಮಿತಿ ಎಣಿಸುವಾಗ ಆ ಅವಧಿಯನ್ನು ಬಿಟ್ಟು ಲೆಕ್ಕ ಹಾಕುತ್ತಾರೆ, ಗ್ಯಾರಂಟಿಯ ತಾರೀಖು ಮಾತ್ರ ಕಾಯುವುದಿಲ್ಲ.