ಟ್ರಾಮ್ ನಿಲ್ದಾಣದ ಕಂಬದ ಮೇಲೆ 88 ಕಂಡರೆ

ಜರ್ಮನಿಯ ಯೇನಾ ನಗರದಂಚಿನ ವಿಂಟ್ಸರ್ಲಾ ಬಡಾವಣೆಗೆ ಬರುವ ಕನ್ನಡ ಕುಟುಂಬಗಳನ್ನು ಮೊದಲು ಎನ್ವರ್ ಶಿಮ್‌ಶೆಕ್ ಚೌಕಕ್ಕೆ ಕರೆದೊಯ್ಯುತ್ತೇನೆ. ಶಿಮ್‌ಶೆಕ್ ಹೂವಿನ ವ್ಯಾಪಾರಿ. 2000ದ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗಿನಲ್ಲಿ ಗುಂಡೇಟಿಗೆ ಬಲಿಯಾದರು. ಅವರನ್ನೂ ಸೇರಿ 2007ರ ಹೊತ್ತಿಗೆ ಹತ್ತು ಜೀವ ತೆಗೆದಿದ್ದ ನವನಾಜಿ ಗುಂಪಿನ ಮೂವರೂ ತೊಂಬತ್ತರ ದಶಕದಲ್ಲಿ ಇದೇ ಬಡಾವಣೆಯ ಯುವಜನ ಕ್ಲಬ್ಬಿಗೆ ಬರುತ್ತಿದ್ದವರು. ಹುಡುಗುತನ, ತಾನಾಗಿ ಹೋಗುತ್ತದೆ ಎಂದು ಆಗ ಬಹಳ ಮಂದಿ ಸುಮ್ಮನಿದ್ದರು. ನೀವು ಸುಮ್ಮನಿರಬೇಡಿ.

ಮೊದಲು ಇಂಥವರ ಗುರುತುಗಳನ್ನು ಕಲಿಯಿರಿ. ರೋಮನ್ ವರ್ಣಮಾಲೆಯಲ್ಲಿ ಎ ಮೊದಲನೆಯ, ಎಚ್ ಎಂಟನೆಯ ಅಕ್ಷರ. 88 ಎಂದರೆ ಎಚ್‌ಎಚ್, ‘ಹೈಲ್ ಹಿಟ್ಲರ್’ ಎಂಬ ಜಯಘೋಷ. 18 ಎಂದರೆ ಅಡಾಲ್ಫ್ ಹಿಟ್ಲರ್ ಹೆಸರಿನ ಮೊದಲಕ್ಷರಗಳು. ಇಂಥ ಸ್ಟಿಕ್ಕರ್ ಕಂಡರೆ ನಿಲ್ದಾಣದ ಹೆಸರೂ ಕಾಣುವಂತೆ ಫೋಟೊ ತೆಗೆಯಿರಿ, ದಿನಾಂಕ ಬರೆದಿಡಿ. ಉಗುರಿನಿಂದ ಕೀಳಬೇಡಿ, ಕೆಲವರು ಸ್ಟಿಕ್ಕರಿನ ಹಿಂಬದಿಗೆ ಬ್ಲೇಡು ಇಟ್ಟಿರುತ್ತಾರೆ. ಗಾಜಿನ ಒಲೆಯ ಕಲೆ ಕೆರೆಯುವ ಉಪಕರಣ ಸಾಕು. ಸ್ವಸ್ತಿಕವಾದರೆ ಮುಟ್ಟದೆ ಪೊಲೀಸರಿಗೆ ದೂರು ಕೊಡಿ. ಜರ್ಮನ್ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ನಮ್ಮ ಮನೆಬಾಗಿಲ ರಂಗೋಲಿಯ ಸ್ವಸ್ತಿಕವನ್ನೂ ಇಲ್ಲಿ ಒಳಗೇ ಇಟ್ಟುಕೊಳ್ಳಿ. ನನಗೆ ಅದು ಇಂದಿಗೂ ನೋವು.

ಇಂಥವರ ಗುಂಪು ಎದುರಾದರೆ ವಾದಕ್ಕಿಳಿಯದೆ ಜನರಿರುವ ಕಡೆ ನಡೆಯಿರಿ, ಪೊಲೀಸರ 110ಕ್ಕೆ ಕರೆ ಮಾಡಿ. ಮಕ್ಕಳು ತಾವಾಗಿ ಹೇಳುವುದಿಲ್ಲ. ಕಳೆದ ಚಳಿಗಾಲ ಮಗನ ಬೆನ್ನಿಗೆ ಬಾಟಲಿ ಎಸೆದದ್ದು ನನಗೆ ತಿಳಿದದ್ದು ಅವನ ಜಾಕೆಟ್ಟಿನ ಬಿಯರ್ ವಾಸನೆಯಿಂದ. “ಅಮ್ಮಾ, ನೀನು ಹೆದರುತ್ತೀಯೆಂದು ಹೇಳಲಿಲ್ಲ” ಎಂದ. ಆ ರಾತ್ರಿಯೇ ಸಮಯ, ಸ್ಥಳ, ಆಡಿದ ಮಾತು ಎಲ್ಲವನ್ನೂ ಬರೆಸಿದೆ. ಮೂಗೇಟಿನ ಗುರುತನ್ನು ವೈದ್ಯರಿಂದ ದಾಖಲು ಮಾಡಿಸಿದೆ. ಎಜ್ರಾ ಎಂಬ ಸಂಸ್ಥೆ ಯೇನಾ ಇರುವ ತ್ಯೂರಿಂಗಿಯಾ ರಾಜ್ಯದಲ್ಲಿ ದಾಳಿಗೊಳಗಾದವರಿಗೆ ಉಚಿತವಾಗಿ ನೆರವಾಗುತ್ತದೆ, ದೂರು ಕೊಡುವುದಕ್ಕೂ ನ್ಯಾಯಾಲಯಕ್ಕೂ ಜೊತೆಗೆ ಬರುತ್ತದೆ. ಶಾಲೆ, ಬಡಾವಣೆಯ ಮಟ್ಟದ ಸಲಹೆಗೆ ಮೊಬಿಟ್ ಎಂಬ ಸಂಸ್ಥೆ ಇದೆ.

ಇನ್ನು ಬಾಟಲಿ ಎಸೆದ ಆ ಗುಂಪಿಗೆ ಸೇರಿದ ನೆರೆಮನೆಯ ಹುಡುಗನ ವಿಷಯ. ಅವನು ಚಿಕ್ಕವನಿದ್ದಾಗ ನನ್ನ ಚಿತ್ರಾನ್ನ ತಿಂದವನು. ಅವನ ಕೃತ್ಯಕ್ಕೆ ದೂರು ಕೊಟ್ಟೆ, ಅವನಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಲಿಲ್ಲ. ಇಂಥ ಗುಂಪುಗಳಿಂದ ಹೊರಬರಲು ಬಯಸುವವರಿಗಾಗಿ 2000ದಲ್ಲಿ ಆರಂಭವಾದ ಎಕ್ಸಿಟ್ ಸಂಸ್ಥೆ, 2011ರಲ್ಲಿ ಗೇರಾ ನಗರದ ಬಲಪಂಥೀಯ ಸಂಗೀತೋತ್ಸವದಲ್ಲಿ 250 ಟಿ-ಶರ್ಟ್ ಹಂಚಿತ್ತು. ಒಗೆದೊಡನೆ ಮೇಲಿನ ಚಿತ್ರ ಅಳಿದು, ನೀನೂ ಬಿಟ್ಟುಬರಬಲ್ಲೆ, ನಾವು ನೆರವಾಗುತ್ತೇವೆ ಎಂಬ ಸಂದೇಶ ಮೂಡುತ್ತಿತ್ತು. ಆ ಹುಡುಗನ ತಾಯಿಗೆ ಎಕ್ಸಿಟ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಏನೂ ಮಾತನಾಡಲಿಲ್ಲ. ನಾಲ್ಕು ಮಡಿಕೆ ಮಾಡಿ ಪರ್ಸಿನ ಒಳಜೇಬಿಗೆ ಸೇರಿಸಿಕೊಂಡರು.